ಎಡಗಡೆಯಿಂದ ಮೂರನೇ ಮೈಕು

ನಮ್ಮ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವ ಅಂದರೆ ನವೆಂಬರ್ 1 ಅಲ್ಲ. ಆ ತಿಂಗಳಲ್ಲಿ ಮೈಕ್ ಸೆಟ್ ಕಮ್ಮಿ ಬಾಡಿಗೆಗೆ ಸಿಗುವ ಯಾವುದಾದರೂ ಭಾನುವಾರ. ಈ ಸಲ ಹಾಡು ಹಾಕುವುದು, ಕಾರ್ಯಕ್ರಮ ರೆಕಾರ್ಡ್ ಮಾಡುವುದು ಎರಡೂ ನನ್ನ ತಲೆಗೆ ಬಿತ್ತು. ನಾನು ಸಾಫ್ಟ್‌ವೇರ್‌ನವನಲ್ಲವೇ! ಸಾಫ್ಟ್‌ವೇರ್‌ನವನಿಗೆ ಗೀಸರ್ ರಿಪೇರಿಯೂ ಬರುತ್ತದೆ ಅಂತ ನಂಬಿರುವ ಜನ ನಮ್ಮವರು.

ಸಂಜೆ ಐದಕ್ಕೆ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಮಿಕ್ಸರ್‌ಗೆ, ಅಂದರೆ ಮೈಕು ಹಾಡು ಎಲ್ಲದರ ಸದ್ದನ್ನೂ ಬೆರೆಸಿ ಸ್ಪೀಕರ್‌ಗೆ ಕಳಿಸುವ ಪೆಟ್ಟಿಗೆಗೆ, ವೈರ್ ಎಳೆದೆ. ಸ್ಪೀಕರ್ ಗುಂಯ್ ಅಂದಿತು. ಮೈಕ್ ಸೆಟ್ ಹುಡುಗ ಬಾಯಿ ತೆರೆಯುವ ಮೊದಲೇ ಚಾರ್ಜರ್ ಕಿತ್ತೆ. ಸದ್ದು ನಿಂತಿತು. ಕರೆಂಟಿನ 50 ಹರ್ಟ್ಸ್ ಅರ್ತ್ ದಾರಿಯಲ್ಲಿ ಸುತ್ತು ಹೊಡೆದರೆ ಹೀಗಾಗುತ್ತದೆ ಅಂತ ಅವನಿಗೇ ಪಾಠ ಹೇಳಿದೆ. ಹೇಳಬಾರದಿತ್ತು.

ಆರೂವರೆಗೆ ಎಲ್ಲರೂ ನಾಡಗೀತೆಗೆ ಎದ್ದು ನಿಂತರು. ಪ್ಲೇ ಒತ್ತಿದೆ. ಪಿಟೀಲು ಬಂತು, ಕೊಳಲು ಬಂತು, ಹಾಡುವವರು ಬರಲಿಲ್ಲ. ಬಾವಿಯ ತಳದಲ್ಲಿ ಯಾರೋ ಗುನುಗಿದ ಹಾಗೆ ಒಂದಿಷ್ಟು ಪ್ರತಿಧ್ವನಿ, ಅಷ್ಟೇ. ವಾಲ್ಯೂಮ್ ಏರಿಸಿದೆ. ಪಿಟೀಲು ಜಾಸ್ತಿಯಾಯಿತು. ಮೊದಲ ನಾಲ್ಕು ಸಾಲು ಜನ ತಾವೇ ಜೋರಾಗಿ ಹಾಡಿದರು. ಆಮೇಲೆ ಅರ್ಧ ಸಭೆ ತುಟಿ ಮಾತ್ರ ಅಲ್ಲಾಡಿಸಿತು. ಕೊನೆಗೆ ಎರಡನೇ ಮಹಡಿಯ ನಿವೃತ್ತ ಮೇಷ್ಟ್ರೊಬ್ಬರೇ ಉಳಿದರು. ನಾಡಗೀತೆ ಎರಡೂವರೆ ನಿಮಿಷಕ್ಕೆ ಮುಗಿಯಬೇಕು ಅಂತ 2022ರಲ್ಲಿ ಆದೇಶ ಮಾಡಿದ ಸರ್ಕಾರಕ್ಕೆ ಮನಸ್ಸಲ್ಲೇ ಕೈ ಮುಗಿದೆ.

ಆಗಿದ್ದು ಇಷ್ಟು. ನಾನು ಚುಚ್ಚಿದ್ದು ಎರಡು ಕರಿ ಉಂಗುರವಿರುವ ಸ್ಟೀರಿಯೊ ಪಿನ್ನು, ಹಾಡಿನ ಎಡ ಬಲ ಎರಡನ್ನೂ ಬೇರೆ ಬೇರೆ ದಾರಿಯಲ್ಲಿ ಕಳಿಸುವಂಥದು. ಚುಚ್ಚಿದ ಜಾಗ ಒಂಟಿ ಚಾನೆಲ್ಲಿನ ಬ್ಯಾಲೆನ್ಸ್ಡ್ ಇನ್‌ಪುಟ್. ಪಿನ್ನಿನ ಎರಡು ದಾರಿಯಲ್ಲಿ ಬರುವ ಸದ್ದಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆಯುವುದು ಅದರ ಕೆಲಸ. ಉದ್ದನೆಯ ವೈರಿಗೆ ಅಂಟಿಕೊಳ್ಳುವ ಗಲೀಜು ಸದ್ದು ಎರಡರಲ್ಲೂ ಒಂದೇ ಥರ ಇರುತ್ತದೆ, ಕಳೆದರೆ ಹೋಗುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ಹಾಡಿನಲ್ಲಿ ಎಡಕ್ಕೂ ಬಲಕ್ಕೂ ಒಂದೇ ಸಮ ಇರುವುದು ಗಾಯಕರ ದನಿ. ಮಿಕ್ಸರ್ ಅದನ್ನೂ ಗಲೀಜು ಅಂತ ಗುಡಿಸಿ ಹಾಕಿತ್ತು.

ಹುಡುಗ ಚೀಲದಿಂದ, ಪ್ರಿಂಟರ್‌ಗೆ ಹಾಕುತ್ತೇವಲ್ಲ, ಅಂಥ ಚೌಕ ಮೂತಿಯ ಯುಎಸ್‌ಬಿ ಕೇಬಲ್ ತೆಗೆದು ಮಿಕ್ಸರ್‌ಗೆ ಸಿಕ್ಕಿಸಿದ. "ಇದೊಂದರಲ್ಲೇ ಹಾಡೂ ಹೋಗ್ತದೆ, ರೆಕಾರ್ಡಿಂಗೂ ಬರ್ತದೆ ಸಾರ್. ಕೇಳಿದ್ರೆ ಮೊದಲೇ ಹೇಳ್ತಿದ್ದೆ."

ಹಾಡು ಸರಿಯಾಗಿ ಬಂತು. ರೆಕಾರ್ಡ್ ಒತ್ತಿದೆ. ಪರದೆಯ ಮೇಲೆ ಹಸಿರು ಗೆರೆ ಕುಣಿಯಿತು. ಎರಡು ಗಂಟೆ ನೆಮ್ಮದಿಯಾಗಿ ಬೋಂಡ ತಿಂದೆ.

ರಾತ್ರಿ ಒಬ್ಬನೇ ಕೂತು ಕೇಳಿದೆ. ಹಾಡು ಕಳಿಸಲು ಲ್ಯಾಪ್‌ಟಾಪ್ ತಾನಾಗೇ ಯುಎಸ್‌ಬಿ ಹಿಡಿದಿತ್ತು. ರೆಕಾರ್ಡಿಂಗ್‌ಗೆ ಮಾತ್ರ ನಾನೇ ಆರಿಸಬೇಕಿತ್ತು. ಆರಿಸಿರಲಿಲ್ಲ. ಅದು ಪಾಪ, ತನ್ನ ಪುಟ್ಟ ಮೈಕಿನಲ್ಲೇ ಎಲ್ಲವನ್ನೂ ಕೇಳಿಸಿಕೊಂಡಿತ್ತು. ದೂರದಲ್ಲೆಲ್ಲೋ ಹೆಂಗಸರ ಸಮೂಹಗಾನ. ಹತ್ತಿರದಲ್ಲಿ ನನ್ನ ಬೋಂಡದ ಕರುಂ ಕುರುಂ. ಆಮೇಲೆ ನನ್ನ ದನಿ:

"ಎಡಗಡೆಯಿಂದ ಮೂರನೇ ಮೈಕ್ ಸ್ವಲ್ಪ ಇಳಿಸಪ್ಪ, ಶ್ರುತಿ ಎಲ್ಲೆಲ್ಲೋ ಹೋಗ್ತಿದೆ."

"ಸಾರ್, ಅದು ನಿಮ್ಮ ಮನೆಯವರು."

"ಗೊತ್ತು ಮಾರಾಯ, ಅದಕ್ಕೇ ಹೇಳಿದ್ದು. ಪೂರ್ತಿ ಆಫ್ ಮಾಡ್ಬೇಡ, ಗೊತ್ತಾಗಿಬಿಡುತ್ತೆ."

ಫೈಲ್ ಕೆಟ್ಟುಹೋಗಿದೆ ಅಂತ ಮನೆಯಲ್ಲಿ ಹೇಳಿದ್ದೇನೆ. ಕೆಟ್ಟ ಫೈಲ್ ಸರಿಮಾಡುವ ದಾರಿ ಇರುತ್ತದಂತೆ. "ನೀವು ಸಾಫ್ಟ್‌ವೇರ್‌ನವರೇ ಅಲ್ವಾ?" ಅಂತ ನಿನ್ನೆಯಿಂದ ಕೇಳುತ್ತಿದ್ದಾಳೆ.