ಸನ್ಮಾನ ಪತ್ರದಲ್ಲಿ ಆ ಮನುಷ್ಯ ಎಲ್ಲಿ?

ನಿನ್ನೆ ಸಂಜೆ ಒಂದು ಸನ್ಮಾನ ಕಾರ್ಯಕ್ರಮಕ್ಕೆ ಹೋಗಿದ್ದೆ. ಯಾವ ಸಂಘ, ಯಾರ ಅಧ್ಯಕ್ಷತೆ ಅನ್ನೋದೆಲ್ಲ ಬೇಡ. ಕರೆದವರು ಒಳ್ಳೆಯ ಮನಸ್ಸಿನಿಂದಲೇ ಕರೆದಿದ್ದರು. ಆದರೆ ಮನೆಗೆ ಬಂದು ಮಲಗಿ ಎದ್ದರೂ ಸಿಟ್ಟು ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದಿ.

ವೇದಿಕೆ ಮೇಲೆ ಮೂವರು ಸನ್ಮಾನಿತರು. ಒಬ್ಬರು ಹಳ್ಳಿ ಹಳ್ಳಿ ಸುತ್ತಿ ನಿವೃತ್ತರಾದ ನರ್ಸಮ್ಮ. ಇನ್ನೊಬ್ಬರು ಸೇನೆಯಿಂದ ಬಂದ ಹವಾಲ್ದಾರರು. ಮೂರನೆಯವರು ಪಂಚಾಯಿತಿಯಿಂದ ಶುರುಮಾಡಿ ದಶಕಗಳ ಕಾಲ ರಾಜಕೀಯದಲ್ಲಿದ್ದ ಹಿರಿಯರು. ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಆಮೇಲೆ ಸನ್ಮಾನ ಪತ್ರದ ವಾಚನ. ನರ್ಸಮ್ಮನ ಪತ್ರದಲ್ಲಿ "ನಿಸ್ವಾರ್ಥ ಸೇವೆಯಿಂದ ಸಮಾಜಕ್ಕೆ ಮಾದರಿಯಾದ, ಸರಳ ಸಜ್ಜನಿಕೆಯ ಸಾಕಾರಮೂರ್ತಿಗಳಾದ ತಾವು" ಅಂತಿತ್ತು. ಹವಾಲ್ದಾರರ ಪತ್ರ ತೆಗೆದರು. ಅದೇ ಸಾಲು. ಹಿರಿಯರ ಪತ್ರ ತೆಗೆದರು. ಅದೇ ಸಾಲು. ಹೆಸರು, ಫೋಟೊ ಬಿಟ್ಟರೆ ಅಕ್ಷರ ಅಕ್ಷರವೂ ಒಂದೇ. ಮದುವೆ ಕರೆಯೋಲೆಯಲ್ಲಿ ವಧೂವರರ ಹೆಸರು ಬದಲಿಸಿದ ಹಾಗೆ, ಡಿಟಿಪಿಯವರು ಹೆಸರು ಬದಲಿಸಿ ಮೂರು ಪ್ರಿಂಟ್ ತೆಗೆದಿದ್ದಾರೆ. ಓದುತ್ತಿದ್ದ ನಿರೂಪಕಿಗೂ ಮೂರನೇ ಸಲಕ್ಕೆ ಮುಜುಗರವಾಗಿ ದನಿ ಸಣ್ಣಗಾಯಿತು.

ನನ್ನನ್ನು ಬಲ್ಲವರಿಗೆ ಗೊತ್ತು, ಇಂಥ ಪತ್ರಗಳನ್ನು ನಾನೂ ಬರೆದುಕೊಡುತ್ತೇನೆ. ಮೇಷ್ಟ್ರಾಗಿದ್ದವನು, ಕನ್ನಡ ಚೆನ್ನಾಗಿ ಬರುತ್ತದೆ ಅಂತ ಜನ ಬರುತ್ತಾರೆ. ಅದಕ್ಕೇ ಈ ವಿಷಯ ನನಗೆ ಜಾಸ್ತಿ ನಾಟುತ್ತದೆ.

ಹವಾಲ್ದಾರರಿಗೆ ಕೊನೆಗೆ ಎರಡು ನಿಮಿಷ ಮೈಕ್ ಕೊಟ್ಟರು. ಮುಖ್ಯ ಅತಿಥಿಗಳಿಗೆ ಬೇರೆ ಕಾರ್ಯಕ್ರಮ ಇತ್ತಂತೆ. ಆ ಎರಡು ನಿಮಿಷದಲ್ಲಿ ಅವರು ಹೇಳಿದ್ದು ಇಷ್ಟು: "ನಾನು ಎಎಸ್‌ಸಿಯಲ್ಲಿ, ಅಂದರೆ ಸೇನೆಗೆ ಸಾಮಾನು ಸಾಗಿಸೋ ದಳದಲ್ಲಿ ಡ್ರೈವರ್. ಬಂದೂಕು ಹಿಡಿದು ಬೆಟ್ಟ ಹತ್ತಿದವನಲ್ಲ. 99ರಲ್ಲಿ ಕಾಶ್ಮೀರದ ಜೋಜಿಲಾ ಘಾಟಿ ದಾಟಿಸಿ ದ್ರಾಸ್ ಕಡೆಗೆ ಲಾರಿ ಓಡಿಸ್ತಿದ್ದೆ. ರಾತ್ರಿ ಹೆಡ್‌ಲೈಟ್ ಹಾಕೋ ಹಾಗಿರಲಿಲ್ಲ. ಎಲ್ಲರಿಗೂ ನಮಸ್ಕಾರ." ಅಷ್ಟು ಹೇಳಿ ಕೂತರು.

ಯಾಕೆ ಹೆಡ್‌ಲೈಟ್ ಹಾಕುವ ಹಾಗಿರಲಿಲ್ಲ? ಕಾರ್ಗಿಲ್ ಯುದ್ಧದ ಹೊತ್ತಿಗೆ ತೋಲೋಲಿಂಗ್, ಟೈಗರ್ ಹಿಲ್ ಶಿಖರಗಳ ಮೇಲೆ ಕೂತಿದ್ದ ಪಾಕಿಸ್ತಾನಿ ಸೈನಿಕರಿಗೆ ಶ್ರೀನಗರ–ಲೇಹ್ ಹೆದ್ದಾರಿ ಅಂಗೈ ಮೇಲೆ ಇಟ್ಟಂತೆ ಕಾಣುತ್ತಿತ್ತು. ಬೆಳಕು ಕಂಡರೆ ಶೆಲ್ ಬೀಳುತ್ತಿತ್ತು. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಂದಕ. ಕತ್ತಲಲ್ಲಿ ಮದ್ದುಗುಂಡು ತುಂಬಿದ ಲಾರಿ ಓಡಿಸಿದ ಮನುಷ್ಯ ನಮ್ಮ ಮುಂದೆ ಕೂತಿದ್ದರು. ನಾವು ಅವರಿಗೆ ಕೊಟ್ಟಿದ್ದು ಏನು? "ಸರಳ ಸಜ್ಜನಿಕೆಯ ಸಾಕಾರಮೂರ್ತಿ." ಯಾವ ದಳ ಅಂತಲೂ ಇಲ್ಲ. ಎಲ್ಲೆಲ್ಲಿ ಇದ್ದರು ಅಂತಲೂ ಇಲ್ಲ. ಅವರ ಹೆಂಡತಿ, ಮಕ್ಕಳು, ಮೊಮ್ಮಕ್ಕಳು ಎದುರಿನ ಸಾಲಿನಲ್ಲೇ ಇದ್ದರು. ಆ ಮೊಮ್ಮಕ್ಕಳಿಗಾದರೂ ನಾಲ್ಕು ಸಾಲು ಸರಿಯಾಗಿ ಓದಿ ಹೇಳಬಾರದಿತ್ತಾ?

ಇಂಥದ್ದನ್ನು ಹೇಗೆ ಬರೆಯಬೇಕು ಅನ್ನೋದನ್ನು ಸೇನೆಯಿಂದಲೇ ಕಲಿಯಬಹುದು. ಶೌರ್ಯ ಪದಕ ಕೊಡುವಾಗ ಒಂದು ಪ್ರಶಸ್ತಿ ಪತ್ರ ಓದುತ್ತಾರೆ. ಮೇಜರ್ ಸೋಮನಾಥ ಶರ್ಮಾ ಅವರದನ್ನು ಹುಡುಕಿ ಓದಿ. ಮೊದಲ ಪರಮವೀರ ಚಕ್ರ ಅವರದು. 1947ರ ನವೆಂಬರ್ 3, ಶ್ರೀನಗರದ ಹತ್ತಿರ ಬಡಗಾಂ. ಎದುರಿಗೆ ನೂರಾರು ದಾಳಿಕೋರರು, ಇವರದು ಒಂದು ಕಂಪನಿ, ಅಂದರೆ ಒಂದು ಸಣ್ಣ ತುಕಡಿ. ಗುಂಡು ಸುರಿಯುತ್ತಿದ್ದಾಗ ಬಟ್ಟೆಯ ಪಟ್ಟಿಗಳನ್ನು ನೆಲದ ಮೇಲೆ ಹಾಸಿ ನಮ್ಮ ವಿಮಾನಗಳಿಗೆ ಗುರಿ ತೋರಿಸಿದರು. ಸೈನಿಕರು ಒಬ್ಬೊಬ್ಬರೇ ಬೀಳುತ್ತಿದ್ದಾಗ ಲೈಟ್ ಮಷಿನ್‌ಗನ್‌ಗಳ ಮ್ಯಾಗಜಿನ್‌ಗೆ ತಾವೇ ಗುಂಡು ತುಂಬಿ ತುಂಬಿ ಕೊಟ್ಟರು. ಆಗ ಅವರ ಎಡಗೈ ಪ್ಲಾಸ್ಟರಿನಲ್ಲಿತ್ತು. ಅದನ್ನೂ ಆ ಪತ್ರ ಬಿಡದೆ ಹೇಳುತ್ತದೆ.

ಪ್ಲಾಸ್ಟರ್ ಹಾಕಿದ ಕೈ. ಅದೊಂದು ಸಾಕಲ್ವಾ? "ಅಪ್ರತಿಮ ವೀರ" ಅಂತ ಹತ್ತು ಸಲ ಬರೆದರೂ ಆ ಕೈಯಷ್ಟು ಹೇಳೋದಿಲ್ಲ. ಹೊಗಳಿಕೆ ಆ ಪತ್ರದಲ್ಲೂ ಇದೆ, ಆದರೆ ಕೊನೆಗೆ ಬರುತ್ತದೆ. ಅಷ್ಟು ಹೊತ್ತಿಗೆ ಓದುವವನ ಮನಸ್ಸಲ್ಲೇ ಆ ಮಾತು ಹುಟ್ಟಿರುತ್ತದೆ. 1965ರಲ್ಲಿ ಖೇಮ್‌ಕರಣ್ ಕಡೆ ಜೀಪಿನ ಮೇಲೆ ಕೂರಿಸಿದ ತೋಪಿನಿಂದ ಟ್ಯಾಂಕ್ ಹೊಡೆದ ಅಬ್ದುಲ್ ಹಮೀದ್ ಅವರ ಪತ್ರವೂ ಹೀಗೇ. ಎಲ್ಲಿ, ಯಾವತ್ತು, ಯಾವುದರಿಂದ, ಹೇಗೆ.

ದೆಹಲಿಯ ರಾಷ್ಟ್ರೀಯ ಯುದ್ಧ ಸ್ಮಾರಕ ನೋಡಿದವರಿಗೆ ಹುತಾತ್ಮ ಸೈನಿಕರ ಹೆಸರು ಕೆತ್ತಿದ ತ್ಯಾಗ ಚಕ್ರದ ಗೋಡೆಗಳು ನೆನಪಿರಬಹುದು. 2019ರಲ್ಲಿ ಉದ್ಘಾಟನೆ ಆದಾಗಲೇ ಅಲ್ಲಿ 25,942 ಹೆಸರು ಇದ್ದವು. ಹೆಸರು, ದರ್ಜೆ, ದಳ. ಮುಂದೆ ಹಿಂದೆ ಒಂದು ಬಿರುದೂ ಇಲ್ಲ. ಆದರೂ ಜನ ಬೆರಳಾಡಿಸಿ ತಮ್ಮವರ ಹೆಸರು ಹುಡುಕುತ್ತಾರೆ.

ಯುದ್ಧದಲ್ಲಿ ಹೇಳೋಕೆ ಘಟನೆ ಇರುತ್ತದೆ, ನರ್ಸಮ್ಮನ ಬಗ್ಗೆ ಏನಿರುತ್ತದೆ ಅಂತ ಒಬ್ಬರು ಅಲ್ಲೇ ಊಟದ ಹೊತ್ತಿಗೆ ಕೇಳಿದರು. ನನಗೆ ಅಲ್ಲೇ ಕೋಪ ಬಂತು. ಏನಿರುತ್ತದಾ? ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ನೀಲಿ ಡಬ್ಬಿಯಲ್ಲಿ ಐಸ್‌ಪ್ಯಾಕ್ ಇಟ್ಟುಕೊಂಡು, ಬಸ್ಸಿಲ್ಲದ ಊರಿಗೆ ಬಿಸಿಲಲ್ಲಿ ನಡೆದು, ಕೊನೆಯ ಮನೆ ಮುಟ್ಟುವವರೆಗೆ ಆ ತಂಪು ಕಾಯಬೇಕು. ಪೋಲಿಯೊ ಶೀಶೆಯ ಮೇಲೆ ಒಂದು ಸಣ್ಣ ಚೌಕ ಇರುತ್ತದೆ. ಬಿಸಿ ತಾಗಿದರೆ ಅದರ ಬಣ್ಣ ಗಾಢವಾಗುತ್ತಾ ಬರುತ್ತದೆ. ಸುತ್ತಲಿನ ವೃತ್ತದ ಬಣ್ಣಕ್ಕೆ ಬಂತು ಅಂದರೆ ಆ ಔಷಧಿ ಹಾಕುವ ಹಾಗಿಲ್ಲ. ಪ್ರತಿ ಮಗುವಿನ ಬಾಯಿಗೆ ಎರಡು ಹನಿ ಬೀಳುವ ಮೊದಲು ಆ ಚೌಕವನ್ನು ಒಬ್ಬರು ನೋಡಬೇಕಲ್ಲ. ನಮ್ಮ ಹಳ್ಳಿಗಳಲ್ಲಿ ನೋಡಿದ್ದು ಇಂಥ ನರ್ಸಮ್ಮಂದಿರು. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಬಂತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ನಿನ್ನೆ ಆ ವೇದಿಕೆಯಲ್ಲಿ ಹಾರ ಹಾಕಿಕೊಂಡು ಕೂತಿದ್ದ ಹೆಂಗಸು ಆ ಕೆಲಸದ ಒಂದು ಪಾಲು ಹೊತ್ತವರು. ಇದನ್ನು ಬರೆಯೋಕೆ ಮೂರು ಸಾಲು ಬೇಕು. ಬರೆಯಲಿಲ್ಲ.

ದೊಡ್ಡ ಹೆಸರಿನವರಿಗೂ ನಾವು ಇದನ್ನೇ ಮಾಡುತ್ತೇವೆ. ಸಾಲುಮರದ ತಿಮ್ಮಕ್ಕ ವೃಕ್ಷಮಾತೆ. ತುಳಸಿ ಗೌಡ ಅವರೂ ವೃಕ್ಷಮಾತೆ. ಇಬ್ಬರಿಗೂ ಒಂದೇ ಬಿರುದು ಅಂಟಿಸಿ ಕೈ ತೊಳೆದುಕೊಂಡೆವು. ತಿಮ್ಮಕ್ಕ ಕೂಲಿ ಮಾಡುತ್ತಿದ್ದವರು. ಗಂಡ ಚಿಕ್ಕಯ್ಯನವರ ಜೊತೆ ಸೇರಿ ಹುಲಿಕಲ್ಲಿನಿಂದ ಕುದೂರಿನ ದಾರಿಯಲ್ಲಿ ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು, ದನ ತಿನ್ನದ ಹಾಗೆ ಮುಳ್ಳು ಕಟ್ಟಿ ಬೆಳೆಸಿದರು. ಅಂಕೋಲಾ ಕಡೆಯ ಹಾಲಕ್ಕಿ ಸಮುದಾಯದ ಹೆಂಗಸು ತುಳಸಿ ಗೌಡ ಅವರದು ಬೇರೆಯದೇ ವಿದ್ಯೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿದವರು. ಯಾವ ಮರದ ಬೀಜ ಯಾವಾಗ ಆರಿಸಬೇಕು, ಯಾವ ತಾಯಿಮರದ ಬೀಜ ಗಟ್ಟಿ ಅಂತ ಕಾಡಿನಲ್ಲೇ ಕಲಿತವರು. ಅವರು ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಪದ್ಮಶ್ರೀ ತೆಗೆದುಕೊಂಡ ಫೋಟೊವನ್ನು ಎಲ್ಲರೂ ಹಂಚಿಕೊಂಡೆವು. ಬೀಜದ ವಿಷಯ ಎಷ್ಟು ಜನ ಹಂಚಿಕೊಂಡರು? ಇಬ್ಬರೂ ಈಗ ಇಲ್ಲ. ಇನ್ನು ಅವರನ್ನು ಹೋಗಿ ಕೇಳೋಕೆ ಆಗಲ್ಲ.

ಪದ್ಮ ಪ್ರಶಸ್ತಿ ಅಂದ ಮೇಲೆ ಇನ್ನೊಂದು ಮಾತು. ಆಮಂತ್ರಣ ಪತ್ರಿಕೆಗಳಲ್ಲಿ ಹೆಸರಿನ ಮುಂದೆ "ಪದ್ಮಶ್ರೀ" ಅಂತ ಹಾಕುತ್ತಾರಲ್ಲ, ಹಾಗೆ ಹಾಕುವ ಹಾಗಿಲ್ಲ. ಸಂವಿಧಾನದ 18ನೇ ವಿಧಿ ಬಿರುದುಗಳನ್ನು ತೆಗೆದುಹಾಕಿದೆ. ಈ ಪ್ರಶಸ್ತಿಗಳು ಬಿರುದಲ್ಲ, ಹೆಸರಿನ ಹಿಂದೆ ಮುಂದೆ ಸೇರಿಸಬಾರದು ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಆದರೂ ನಮಗೆ ಮನುಷ್ಯನಿಗಿಂತ ಬಿರುದೇ ಹತ್ತಿರ.

ಈಗ ರಾಜಕೀಯದ ಹಿರಿಯರ ವಿಷಯ. ಇಲ್ಲಿ ಈ ರೋಗ ಇನ್ನೂ ಜಾಸ್ತಿ. ಯಾರೇ ತೀರಿಕೊಂಡರೂ ಸಂತಾಪದಲ್ಲಿ "ಅಜಾತಶತ್ರು". ಎಲ್ಲರೂ "ಮೌಲ್ಯಾಧಾರಿತ ರಾಜಕಾರಣಿ". ದೇವರಾಜ ಅರಸು ಅವರ ಜಯಂತಿ ಬಂದರೆ "ಸಾಮಾಜಿಕ ನ್ಯಾಯದ ಹರಿಕಾರ" ಅಂತ ಫ್ಲೆಕ್ಸ್ ಹಾಕುತ್ತೇವೆ. ಅಷ್ಟಕ್ಕೇ ನಿಲ್ಲಿಸುತ್ತೇವೆ. 1974ರಲ್ಲಿ ಗೇಣಿ ಪದ್ಧತಿ ರದ್ದಾಯಿತು, ತಾಲ್ಲೂಕಿಗೆ ಭೂ ನ್ಯಾಯಮಂಡಳಿ ಬಂತು, ಗೇಣಿದಾರ ಫಾರಂ ನಂಬರ್ 7 ತುಂಬಿ ಕೊಟ್ಟರೆ ಅವನು ಉಳುತ್ತಿದ್ದ ಜಮೀನು ಅವನ ಹೆಸರಿಗೆ ಆಗುವ ದಾರಿ ತೆರೆಯಿತು. ಹಿಂದುಳಿದ ವರ್ಗಗಳ ಬಗ್ಗೆ ಹಾವನೂರು ಆಯೋಗದ ವರದಿ ಬಂತು. ಇದನ್ನು ಹೇಳಿ. ಮಲೆನಾಡು, ಕರಾವಳಿ ಕಡೆ ಎಷ್ಟೋ ಮನೆಗಳಲ್ಲಿ ಆ ಫಾರಂ 7ರ ಡಿಕ್ಲರೇಷನ್ ಕಾಗದ ಇಂದಿಗೂ ಟ್ರಂಕಿನಲ್ಲಿದೆ. ಆ ಮನೆಯವರಿಗೆ ಅರಸು ಅಂದರೆ ಆ ಕಾಗದ.

"ರಾಜಕಾರಣಿಯ ಬಗ್ಗೆ ವಿವರ ಬರೆಯೋಕೆ ಹೋದರೆ ಜಗಳ ಆಗುತ್ತದೆ ಸಾರ್, ಯಾರಿಗೂ ಬೇಜಾರಾಗದ ಹಾಗೆ ಇದ್ದರೆ ಒಳ್ಳೇದು" ಅನ್ನುತ್ತಾರೆ. ಆಗಲಿ ಬಿಡಿ. ಕೆರೆ ಹೂಳೆತ್ತಿಸಿದರು ಅಂತ ಬರೆದರೆ, ಎತ್ತಿಸಿದರೋ ಇಲ್ಲವೋ ಅಂತ ಊರಿನವರು ಹೇಳಬಹುದು. ಅದನ್ನು ಅಳೆಯೋಕೆ ಬರುತ್ತದೆ. "ಅಭಿವೃದ್ಧಿಯ ಹರಿಕಾರ" ಅಂದರೆ ಯಾರು ಹೇಗೆ ಅಳೆಯೋದು? ನಿಜವಾಗಿ ಕೆಲಸ ಮಾಡಿದವರಿಗೂ ಏನೂ ಮಾಡದವರಿಗೂ ಒಂದೇ ಬಿರುದು ಸಿಗುತ್ತಿರುವುದು ಇದರಿಂದಲೇ. ನಷ್ಟ ಆಗುತ್ತಿರುವುದು ಕೆಲಸ ಮಾಡಿದವರಿಗೆ.

ಇದು ನನಗೆ ಯಾಕೆ ಇಷ್ಟು ಚುಚ್ಚುತ್ತದೆ ಅಂತ ಹೇಳಿಬಿಡುತ್ತೇನೆ. ಅಪ್ಪ ಲೈನ್‌ಮನ್ ಆಗಿದ್ದರು ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ನಿವೃತ್ತಿಯ ದಿನ ಕಚೇರಿಯವರು ಕೊಟ್ಟ ಪತ್ರಕ್ಕೆ ಅವರೇ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ಹಾಕಿದ್ದರು. ಅಪ್ಪ ಹೋದ ಮೇಲೆ ಅದನ್ನು ಎಷ್ಟೋ ಸಲ ಓದಿದ್ದೇನೆ. ಕರ್ತವ್ಯನಿಷ್ಠೆ ಇದೆ. ಪ್ರಾಮಾಣಿಕತೆ ಇದೆ. ಮೃದುಭಾಷಿ ಅಂತ ಇದೆ. ಅಪ್ಪ ಮೃದುಭಾಷಿ ಆಗಿರಲೇ ಇಲ್ಲ! ಕಂಬದ ಕೆಳಗೆ ನಿಂತು ಅವರು ಗದರಿದರೆ ಇಡೀ ಬೀದಿಗೆ ಕೇಳುತ್ತಿತ್ತು. ಎಲ್‌ಸಿ (ಲೈನ್ ಕ್ಲಿಯರ್) ತೆಗೆದುಕೊಂಡಾಗಿದೆ, ಲೈನಿನಲ್ಲಿ ಕರೆಂಟ್ ಇಲ್ಲ ಅಂತ ಸ್ಟೇಷನ್ನಿನವರು ಎಷ್ಟೇ ಹೇಳಲಿ, ತಾವೇ ಲೈನನ್ನು ನೆಲಕ್ಕೆ ಜೋಡಿಸುವ ಅರ್ಥಿಂಗ್ ರಾಡ್ ಹಾಕಿ ನೋಡದೆ ಒಬ್ಬ ಹುಡುಗನನ್ನೂ ಕಂಬ ಹತ್ತಿಸುತ್ತಿರಲಿಲ್ಲ. ಹತ್ತಿಬಿಟ್ಟರೆ ಬೈದು ಇಳಿಸುತ್ತಿದ್ದರು. ಅವರ ಕೈಕೆಳಗೆ ಕೆಲಸ ಕಲಿತವರಲ್ಲಿ ಒಬ್ಬರೂ ಕರೆಂಟ್ ಹೊಡೆದು ಸಾಯಲಿಲ್ಲ. ಈ ಕೆಲಸ ಗೊತ್ತಿದ್ದವರಿಗೆ ಅದು ಎಷ್ಟು ದೊಡ್ಡ ಮಾತು ಅಂತ ಗೊತ್ತು. ಆ ಫ್ರೇಮಿನಲ್ಲಿ ಅದು ಇಲ್ಲ. ಹೆಸರು ಬಿಟ್ಟರೆ ಆ ಕಾಗದದಲ್ಲಿ ನಮ್ಮಪ್ಪನೇ ಇಲ್ಲ. ನನ್ನ ಮಗಳು ಅಜ್ಜ ಏನು ಮಾಡುತ್ತಿದ್ದರು ಅಂತ ಕೇಳಿದರೆ ಗೋಡೆ ಕಡೆ ತೋರಿಸೋಕೆ ಆಗಲ್ಲ, ನಾನೇ ಕೂತು ಹೇಳಬೇಕು. ನನ್ನ ನಂತರ ಯಾರು ಹೇಳುತ್ತಾರೆ?

ಸಮಯ ಇರಲ್ಲ, ವಿವರ ಸಿಗಲ್ಲ, ಕೇಳಿದರೆ ಸನ್ಮಾನಿತರೇ ಸಂಕೋಚ ಪಡುತ್ತಾರೆ ಅನ್ನುವವರಿಗೆ ನನ್ನ ಉತ್ತರ ಒಂದೇ. ಶಾಮಿಯಾನ, ಮೈಕ್, ಫ್ಲೆಕ್ಸ್, ಊಟ, ಮುಖ್ಯ ಅತಿಥಿಯ ಕಾರು, ಎಲ್ಲಕ್ಕೂ ತಿಂಗಳುಗಟ್ಟಲೆ ಓಡಾಡುತ್ತೀರಿ. ಯಾರಿಗಾಗಿ ಇದೆಲ್ಲವೋ ಅವರ ಮನೆಗೆ ಹೋಗಿ ಒಂದು ಗಂಟೆ ಕೂರಲು ಆಗಲ್ವಾ? ಅವರು ಹೇಳದಿದ್ದರೆ ಹೆಂಡತಿಯನ್ನು ಕೇಳಿ, ಜೊತೆ ಕೆಲಸ ಮಾಡಿದವರನ್ನು ಕೇಳಿ, ಪಕ್ಕದ ಮನೆಯವರನ್ನು ಕೇಳಿ. ಜನ ಹೇಳುತ್ತಾರೆ. ಕೇಳಿದರೆ ಸಾಕು ಅಂತ ಕಾಯುತ್ತಿರುತ್ತಾರೆ. "ಒಳ್ಳೆಯ ಮಾತಾಡಿದರೆ ಸಾಲದಾ" ಅಂತಲೂ ಕೆಲವರು ಕೇಳುತ್ತಾರೆ. ಸಾಲದು. ಯಾರ ಸನ್ಮಾನದಲ್ಲಿ ಬೇಕಾದರೂ ಓದಬಹುದಾದ ಪತ್ರವನ್ನು ಒಬ್ಬರ ಕೈಗೆ ಕೊಟ್ಟು, ನಿಮ್ಮನ್ನು ಗೌರವಿಸಿದ್ದೇವೆ ಅಂದರೆ ಅವರು ನಗುತ್ತಾ ತೆಗೆದುಕೊಳ್ಳುತ್ತಾರೆ, ಅಷ್ಟೇ. ನಮ್ಮ ಹಿರಿಯರು ಒಳ್ಳೆಯವರು, ಬೇಜಾರು ತೋರಿಸಲ್ಲ.

ಇನ್ನು ಮೇಲೆ ನನ್ನ ಹತ್ತಿರ ಪತ್ರ ಬರೆಸಲು ಬರುವವರಿಗೆ ಈಗಲೇ ಹೇಳಿರುತ್ತೇನೆ. ಹಿಂದಿನ ದಿನ ರಾತ್ರಿ ವಾಟ್ಸಾಪ್‌ನಲ್ಲಿ ಹೆಸರು, ಫೋಟೊ ಕಳಿಸಿ "ಏನಾದರೂ ಚೆನ್ನಾಗಿ ಬರೆದುಬಿಡಿ ಮೇಷ್ಟ್ರೇ" ಅಂದರೆ ಬರೆಯಲ್ಲ. ಹದಿನೈದು ದಿನ ಮೊದಲು ಬನ್ನಿ. ಆ ವ್ಯಕ್ತಿಯ ಮನೆಗೆ ಕರೆದುಕೊಂಡು ಹೋಗಿ. ದುಡ್ಡು ಬೇಡ, ಬಸ್ ಚಾರ್ಜೂ ಬೇಡ.

ಮುಂದಿನ ತಿಂಗಳು ನಮ್ಮ ಅಂಚೆಯಣ್ಣನಿಗೆ ಬೀಳ್ಕೊಡುಗೆ ಇದೆ, ಪತ್ರ ಬರೆಯೋಕೆ ನನ್ನನ್ನೇ ಕೇಳಿದ್ದಾರೆ. ಊರಿನವರು ನನ್ನ ಫ್ರೆಂಡ್ಸ್ ಪಟ್ಟಿಯಲ್ಲಿ ಬಹಳ ಜನ ಇದ್ದೀರಿ. ಅವರು ನಿಮ್ಮ ಮನೆಗೆ ತಂದ ಯಾವ ಕಾಗದ ನೆನಪಿದೆ? ಕೆಲಸದ ಆರ್ಡರೋ, ಅಜ್ಜಿಯ ಪಿಂಚಣಿ ಮನಿಯಾರ್ಡರೋ, ಮಳೆಯಲ್ಲಿ ತಂದುಕೊಟ್ಟ ಹಾಲ್ ಟಿಕೆಟ್ಟೋ? ಯಾವ ವರ್ಷ, ಏನಾಯಿತು ಅಂತ ಎರಡು ಸಾಲು ಇನ್‌ಬಾಕ್ಸ್‌ಗೆ ಕಳಿಸಿ. ಬರೆಯೋಕೆ ಕಷ್ಟ ಆದರೆ ಫೋನ್ ಮಾಡಿ, ನಾನೇ ಬರೆದುಕೊಳ್ಳುತ್ತೇನೆ.