ಬಯೋವೇರ್ ಮೇಲೆ ಸಿಟ್ಟೂ ಇದೆ, ಪ್ರೀತಿಯೂ ಇದೆ

ವಿಡಿಯೋ ಗೇಮ್ ಮಾಡುವ ಬಯೋವೇರ್ ಹಾಳಾಗಿ ಹೋಯಿತು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಇಲ್ಲ, ಚೆನ್ನಾಗಿಯೇ ಇದೆ ಅಂದರೂ ಸಿಟ್ಟು ಬರುತ್ತದೆ!

ಎಲ್ಲರೂ ಬೈಯುವುದು ಅದನ್ನು ಕೊಂಡುಕೊಂಡ ದೊಡ್ಡ ಗೇಮ್ ಕಂಪನಿ ಇಎಯನ್ನು. ಕೆನಡಾದ ಎಡ್ಮಂಟನ್‌ನಲ್ಲಿ 1995ರಲ್ಲಿ ಡಾಕ್ಟರುಗಳು ಸೇರಿ ಕಟ್ಟಿದ ಸ್ಟುಡಿಯೋ ಬಯೋವೇರ್. 'ಬಾಲ್ಡರ್ಸ್ ಗೇಟ್' ಅನ್ನುವ ಆಟ ಮಾಡಿ ಹೆಸರು ಗಳಿಸಿತು, 2008ರಲ್ಲಿ ಇಎ ಕೈಗೆ ಹೋಯಿತು, ಅಲ್ಲಿಗೆ ಕಥೆ ಮುಗಿಯಿತು ಅನ್ನುತ್ತಾರೆ. ಆದರೆ 'ಡ್ರ್ಯಾಗನ್ ಏಜ್: ಆರಿಜಿನ್ಸ್' ಬಂದಿದ್ದು 2009ರಲ್ಲಿ, 'ಮಾಸ್ ಎಫೆಕ್ಟ್ 2' ಬಂದಿದ್ದು 2010ರಲ್ಲಿ. ಎರಡೂ ಇಎ ಕಾಲದವೇ ಅಲ್ವಾ?

ಆರಿಜಿನ್ಸ್ ನಾನು ಆಡಿದ್ದು ಪುಣೆಯಲ್ಲಿ, ವಾಕಡ್‌ನ ಫ್ಲಾಟಿನಲ್ಲಿ. ಹಿಂಜವಡಿ ಟ್ರಾಫಿಕ್ಕಿನಲ್ಲಿ ಹೈರಾಣಾಗಿ ಬಂದು ರಾತ್ರಿ ಕೂರುತ್ತಿದ್ದೆ. ಲೋಗೈನ್ ಅನ್ನುವ ಸೇನಾಪತಿ ತನ್ನ ರಾಜನನ್ನೇ ಯುದ್ಧದಲ್ಲಿ ಕೈಬಿಟ್ಟು ಬಂದವನು. ಕೊನೆಗೆ ಸಿಕ್ಕಿಬಿದ್ದಾಗ ಅವನನ್ನು ಕೊಲ್ಲಲೂಬಹುದು, ನಮ್ಮ ಜೊತೆ ಸೇರಿಸಿಕೊಳ್ಳಲೂಬಹುದು. ಒಳ್ಳೇ ಯೋಧ, ಉಪಯೋಗಕ್ಕೆ ಬರುತ್ತಾನೆ ಅಂತ ನಾನು ಸೇರಿಸಿಕೊಂಡೆ. ಶುರುವಿನಿಂದ ಜೊತೆಗಿದ್ದ ಅಲಿಸ್ಟರ್ ತುಂಬಿದ ಸಭೆಯಲ್ಲಿ ಜಗಳ ತೆಗೆದು ಹೊರಟೇ ಹೋದ. ಮತ್ತೆ ನಮ್ಮ ಗುಂಪಿಗೆ ಬರಲೇ ಇಲ್ಲ. ಹಿಂದೆ ನಿಂತು ನೋಡುತ್ತಿದ್ದ ನನ್ನ ವಿಜಯಪುರದ ರೂಮ್‌ಮೇಟ್, "ಅವ ಮಾಡಿದ್ದು ಖರೇ ಐತಿ ಬಿಡಲೇ, ನಾನಾದ್ರೂ ಹೋಗತಿದ್ದೆ" ಅಂದ.

ನನಗೆ ಬಯೋವೇರ್ ಅಂದರೆ ಅದು. ಜೊತೆಗಾರರಿಗೆ ಅವರದೇ ಹಟ ಇರುತ್ತಿತ್ತು. ನಾವು ಹೀರೋ ಅಂತ ಅವರು ಎಲ್ಲದಕ್ಕೂ ತಲೆಯಾಡಿಸುತ್ತಿರಲಿಲ್ಲ.

2011ರ 'ಡ್ರ್ಯಾಗನ್ ಏಜ್ 2' ಅವಸರದ ಅಡುಗೆ. ಒಂದೇ ಗುಹೆಯನ್ನು ಎಷ್ಟು ಸಲ ತೋರಿಸಿದರೋ! ಆದರೂ ಅದರಲ್ಲಿ ಆ್ಯಂಡರ್ಸ್ ಅನ್ನುವ ಜೊತೆಗಾರ ನಮಗೆ ಸುಳ್ಳು ಹೇಳಿ, ನಮ್ಮ ಕೈಯಲ್ಲೇ ಕೆಲಸ ಮಾಡಿಸಿಕೊಂಡು, ಚರ್ಚನ್ನೇ ಉಡಾಯಿಸುತ್ತಾನೆ. ಅಷ್ಟು ಧೈರ್ಯ ಆಗ ಇತ್ತು. ಹಾರುವ ಕವಚ ತೊಟ್ಟು ಹೊಡೆದಾಡುವ 2019ರ ಆಟ 'ಆ್ಯಂಥಮ್' ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. ಹಾರಾಟ ಮಾತ್ರ ಮಸ್ತ್ ಇತ್ತು.

2024ರ 'ಡ್ರ್ಯಾಗನ್ ಏಜ್: ದ ವೇಲ್‌ಗಾರ್ಡ್' ಪೂರ್ತಿ ಆಡಿದ್ದೇನೆ. ಅದನ್ನು ಮೊದಲು ಒಬ್ಬರೇ ಆಡುವ ಆಟವಾಗಿ ಶುರು ಮಾಡಿ, ನಡುವೆ ಮಲ್ಟಿಪ್ಲೇಯರ್ ಮಾಡಲು ಹೊರಟು, ಮತ್ತೆ ಹಿಂದಕ್ಕೆ ತಿರುಗಿಸಿದರು. ಆ ಎಳೆದಾಟ ಕಾಣುತ್ತದೆ. ಹಳೇ ಆಟಗಳಲ್ಲಿ ನಾವು ಮಾಡಿದ್ದರಲ್ಲಿ ಇಲ್ಲಿಗೆ ಬರುವುದು ಮೂರೇ ನಿರ್ಧಾರ, ಅದೂ ಇದರ ಹಿಂದಿನ ಡ್ರ್ಯಾಗನ್ ಏಜ್ ಆಟ 'ಇನ್‌ಕ್ವಿಸಿಷನ್'ನಿಂದ ಮಾತ್ರ. ಹೊಡೆದಾಟ ಚೆನ್ನಾಗಿದೆ. ಕೊನೆಯ ಮಿಷನ್ನಿನಲ್ಲಿ ಜೊತೆಗಾರರು ಸಾಯುತ್ತಾರೆ, ಅಲ್ಲಿ ನಿಜಕ್ಕೂ ಹೊಟ್ಟೆ ಕಿವುಚಿತು. ಆದರೆ ಅಲ್ಲಿಯವರೆಗೆ ಎಲ್ಲರೂ ಎಷ್ಟು ಒಳ್ಳೆಯವರು! ಬೇಜಾರಾದರೆ ಕೂತು ಮಾತಾಡಿ ಸರಿಮಾಡಿಕೊಳ್ಳುತ್ತಾರೆ. ನಮ್ಮ ಆಫೀಸಿನ ಎಚ್‌ಆರ್ ಮೀಟಿಂಗ್ ಥರ. ನನ್ನ ಮೇಲೆ ಸಿಟ್ಟಾಗಿ ಎದ್ದು ಹೋಗುವವರು ಯಾರೂ ಇಲ್ಲ.

ಇದು ಇಎ ಹೇಳಿ ಮಾಡಿಸಿದ್ದು ಅಂತ ನನಗೆ ಅನಿಸುವುದಿಲ್ಲ. ಆಡುವವರಿಗೆ ಬೇಸರವಾದೀತು ಅನ್ನುವ ಹೆದರಿಕೆ ಬರೆಯುವವರಲ್ಲೇ ಸೇರಿಕೊಂಡಿದೆ. 2012ರಲ್ಲಿ 'ಮಾಸ್ ಎಫೆಕ್ಟ್ 3'ರ ಕೊನೆ ಇಷ್ಟವಾಗಲಿಲ್ಲ ಅಂತ ಜನ ಗಲಾಟೆ ಎಬ್ಬಿಸಿ, ಅದನ್ನು ಹಿಗ್ಗಿಸಿ ಬರೆಸಿಕೊಂಡರಲ್ಲ, ಆ ಗಲಾಟೆಗೂ ಇದರಲ್ಲಿ ಪಾಲಿದೆ.

ಈಗ ಮುಂದಿನ ಮಾಸ್ ಎಫೆಕ್ಟ್ ಮಾಡುತ್ತಿದ್ದಾರೆ. ರೂಮ್‌ಮೇಟ್ ಸೇಲ್ ಬಂದಾಗ ತಗೊಂಡರಾಯಿತು ಅನ್ನುತ್ತಾನೆ. ನಾನು ಮೊದಲ ದಿನವೇ ತಗೋತೀನಿ, ಬೈಯೋಕಾದ್ರೂ.