ಸಲಹಾ ಸಮಿತಿ ಕೂತು ಮಾತಾಡಲಿ

ನಮ್ಮ ಬಾಗಲಕೋಟೆ, ವಿಜಯಪುರ ಕಡೆಯ ಪಿಎಚ್‌ಡಿ ವಿದ್ಯಾರ್ಥಿಗಳು ಸಿಕ್ಕರೆ ನಾನು ಮೊದಲು ಕೇಳೋದು, ನಿಮ್ಮ ಸಲಹಾ ಸಮಿತಿ, ಅಂದರೆ ಗೈಡ್ ಜೊತೆ ಬೇರೆ ಅಧ್ಯಾಪಕರೂ ಕೂತು ನಿಮ್ಮ ಸಂಶೋಧನೆ ನೋಡೋ ಸಮಿತಿ, ಹೋದ ಸಲ ಯಾವಾಗ ಕೂತಿತ್ತು ಅಂತ. "ಸಹಿ ಎಲ್ಲಾ ಆಗ್ಯಾವ್ರಿ ಸರ್" ಅಂತಾರೆ. ಅಂದರೆ ಸಭೆ ಕೂಡದೇ ಫಾರ್ಮ್ ಮೇಲೆ ಸಹಿ ಬಿದ್ದಿದೆ. ಕೇಳಿ ಹೊಟ್ಟೆ ಉರಿಯುತ್ತದೆ.

ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಕೋರ್ಸ್‌ವರ್ಕ್, ಅಂದರೆ ಪಿಎಚ್‌ಡಿಯ ಶುರುವಿನಲ್ಲಿ ಓದಿ ಪರೀಕ್ಷೆ ಬರೆಯೋ ಪಾಠ, ಕನಿಷ್ಠ 12 ಕ್ರೆಡಿಟ್, ಅದರಲ್ಲಿ ಶೇ 55 ಬಂದರಷ್ಟೇ ಮುಂದಿನ ಮಾತು. ಆಮೇಲೆ ಸೆಮಿಸ್ಟರ್‌ಗೊಮ್ಮೆ ಸಂಶೋಧನಾ ಸಲಹಾ ಸಮಿತಿ ಮುಂದೆ ಕೆಲಸ ಮಂಡಿಸಬೇಕು. ಪರೀಕ್ಷೆಗೆ ಎಲ್ಲರೂ ನಿದ್ದೆಗೆಟ್ಟು ಓದ್ತಾರೆ. ಸಂಶೋಧನೆ ಹದಕ್ಕೆ ಬರೋದು ಮಾತ್ರ ಸಮಿತಿಯಲ್ಲೇ.

ಆಲಮಟ್ಟಿ ಹಿನ್ನೀರಿನ ಮುಳುಗಡೆ ಸಂತ್ರಸ್ತರ ಮೇಲೆ ಕೆಲಸ ಮಾಡ್ತಿದ್ದ ಹುಡುಗಿಯೊಬ್ಬಳ ಸಭೆಯಲ್ಲಿ ನಾನೂ ಇದ್ದೆ. ಎಷ್ಟು ಎಕರೆ ಹೋಯಿತು, ಪರಿಹಾರ ಎಷ್ಟು ಬಂತು, ಈಗೇನು ಉದ್ಯೋಗ ಅಂತ ಪ್ರಶ್ನಾವಳಿ ಅಚ್ಚುಕಟ್ಟಾಗಿತ್ತು. ಬೇರೆ ವಿಭಾಗದಿಂದ ಬಂದಿದ್ದ ಮೇಡಂ ಪುಟ ತಿರುವಿ ಹಾಕಿ ಕೇಳಿದರು: "ರೊಕ್ಕ ಯಾರ ಹೆಸರಿಗೆ ಬಂತವ್ವಾ? ಗಂಡ ಇಲ್ಲದ ಸೊಸಿ ಕೈಗೆ ಏನರೆ ಹತ್ತಿತೇನು?" ಪಟ್ಟಿಯಲ್ಲಿ ಆ ಪ್ರಶ್ನೆಯೇ ಇರಲಿಲ್ಲ. ಆ ಹುಡುಗಿ, ಮುಳುಗಡೆಯಾದವರಿಗೆ ಕಟ್ಟಿದ ಬಾಗಲಕೋಟೆ ನವನಗರದ ಸೆಕ್ಟರುಗಳಿಗೆ ಮತ್ತೆ ಹೋದಳು, ಅಡುಗೆಮನೆಯಲ್ಲಿ ಕೂತು ಹೆಣ್ಣುಮಕ್ಕಳನ್ನ ಮಾತಾಡಿಸಿದಳು. ಪ್ರಬಂಧದಲ್ಲಿ ಒಂದು ಅಧ್ಯಾಯವೇ ಹೊಸದಾಗಿ ಬಂತು. ಗೈಡ್ ಎಷ್ಟೇ ಓದಿಕೊಂಡಿರಲಿ, ದಿನಾ ನೋಡಿದ ಕೆಲಸದಲ್ಲಿನ ಕೊರತೆ ಅವರ ಕಣ್ಣಿಗೂ ಬೀಳೋದಿಲ್ಲ.

ಪ್ರಬಂಧ ಸಲ್ಲಿಸೋ ಮುಂಚೆ ಲೇಖನ ಪ್ರಕಟಿಸಲೇಬೇಕು ಅನ್ನೋ ಷರತ್ತನ್ನ ಯುಜಿಸಿ 2022ರಲ್ಲಿ ಕೈಬಿಟ್ಟಿತು. ನಕಲಿ ಜರ್ನಲ್‌ಗಳಿಗೆ ದುಡ್ಡು ಸುರಿಯೋದು ತಪ್ಪಲಿ ಅಂತ ನಾನೂ ಅದನ್ನ ಒಪ್ಪಿದವನೇ. ಆದರೆ ಆ ಷರತ್ತು ಹೋದ ಮೇಲೆ ಸಮಿತಿಯ ಹೊಣೆ ಇನ್ನೂ ಹೆಚ್ಚಾಗಿದೆ. ಅದೂ ಬರೀ ಸಹಿಗೆ ಇಳಿದರೆ ದಾರಿ ತಪ್ಪಿದ್ದು ಗೊತ್ತಾಗೋದು ಐದನೇ ವರ್ಷಕ್ಕೆ. ಇರೋ ಅವಧಿ ಆರು ವರ್ಷ, ಮರುನೋಂದಣಿಯಾದರೆ ಇನ್ನೆರಡು. ಮಹಿಳೆಯರಿಗೆ ಮತ್ತೆರಡು ಸಿಗುತ್ತದೆ ನಿಜ, ಆದರೆ ಮನೆ, ಮಕ್ಕಳು, ಅತಿಥಿ ಉಪನ್ಯಾಸಕಿ ಕೆಲಸ ಎಲ್ಲ ತೂಗಿಸುವವಳಿಗೆ ಕಳೆದ ವರ್ಷಗಳನ್ನ ಯಾರು ವಾಪಸ್ ಕೊಡ್ತಾರೆ?

ಸದಸ್ಯರು ಸಿಗೋದಿಲ್ಲ ಅನ್ನೋ ಕಷ್ಟ ಸುಳ್ಳಲ್ಲ, ಎಷ್ಟೋ ವಿಭಾಗಗಳಲ್ಲಿ ಕಾಯಂ ಅಧ್ಯಾಪಕರೇ ಇಲ್ಲ. ಹಾಗಿದ್ದರೆ ವಿಡಿಯೊ ಕಾಲ್‌ನಲ್ಲಾದರೂ ಒಂದು ತಾಸು ಕೂಡ್ರಿ.

ವಿದ್ಯಾರ್ಥಿಗಳೇ, ಪ್ರಗತಿ ಸಾಲದು ಅಂತ ಸಮಿತಿಗೆ ಅನಿಸಿದರೆ ಅದು ಕಾರಣ ದಾಖಲಿಸಬೇಕು, ಸರಿಪಡಿಸೋ ದಾರಿಯನ್ನೂ ಹೇಳಬೇಕು. ಇದು ನಿಯಮದಲ್ಲೇ ಇದೆ. ಮುಂದಿನ ಸೆಮಿಸ್ಟರ್ ಫಾರ್ಮ್ ಹಿಡಿದು ಕೋಣೆ ಕೋಣೆ ಅಲೆಯೋ ಮುಂಚೆ, ಸಭೆ ಕರೀರಿ ಅಂತ ವಿಭಾಗಕ್ಕೆ ಒಂದು ಅರ್ಜಿ ಕೊಡಿ, ಸ್ವೀಕೃತಿ ಪ್ರತಿ ಇಟ್ಟುಕೊಳ್ಳಿ.